ಮಂಡಿಯಿಂದ ಕ್ಯಾಂಟೀನಿಗೆ: ಹೆಜ್ಜೆ ಇಡುವುದು ಯಾವಾಗ?

ಬೆಂಗಳೂರಿನ ಸುತ್ತಮುತ್ತ ಸೊಪ್ಪು ತರಕಾರಿ ಬೆಳೆಯುವ ನಮ್ಮಂಥವರ ಮನೆಗೆ ಈಗ ಆಗಾಗ ಒಬ್ಬ ಹೊಸ ಅತಿಥಿ ಬರುತ್ತಾನೆ. ಕೈಯಲ್ಲೊಂದು ಫೈಲು, ಜೇಬಿನಲ್ಲಿ ಪೆನ್ನು. "ದಿನಾ ಇಷ್ಟು ಕಿಲೋ ಕೊಡಿ, ವರ್ಷವಿಡೀ ಒಂದೇ ದರ ಕೊಡ್ತೀವಿ" ಎನ್ನುತ್ತಾನೆ. ಕಾರ್ಖಾನೆಯ ಕ್ಯಾಂಟೀನ್ ನಡೆಸುವವರ ಕಡೆಯವನಿರಬಹುದು, ಹೋಟೆಲ್ ಸಮೂಹದವನಿರಬಹುದು, ಸೂಪರ್ ಮಾರ್ಕೆಟ್ಟಿನವನೂ ಇರಬಹುದು. ಮಂಡಿಯ ಏರಿಳಿತದಲ್ಲಿ ಸೋತು ಸುಣ್ಣವಾದವನಿಗೆ ಈ ಮಾತು ಕೇಳಿದರೆ ಬಾಯಲ್ಲಿ ನೀರೂರುವುದು ಸಹಜ. ಒಪ್ಪಬೇಕೇ? ಒಪ್ಪುವುದಾದರೆ ಯಾವಾಗ?

ನನಗೂ ಈ ಪ್ರಶ್ನೆ ಬಂತು. ಉತ್ತರ ಹುಡುಕಲು ಒಂದು ವರ್ಷದ ಲೆಕ್ಕದ ಪುಸ್ತಕ ನೆರವಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತಿದ್ದೇನೆ. ನಿಮ್ಮ ಬೆಳೆ ಬೇರೆ ಇರಬಹುದು, ದರವೂ ಬೇರೆ ಇರಬಹುದು. ಲೆಕ್ಕ ಹಾಕುವ ದಾರಿ ಮಾತ್ರ ಇದೇ ಎಂದು ನನ್ನ ಎಣಿಕೆ.

ನಮ್ಮದು ಹಾರೋಹಳ್ಳಿ ಕಡೆ. ಎರಡೂಕಾಲು ಎಕ್ರೆ, ಒಂದು ಕೊಳವೆಬಾವಿ. ಒಂದೆಕ್ರೆಯಷ್ಟು ಕೊತ್ತಂಬರಿ. ಉಳಿದದ್ದರಲ್ಲಿ ಮೆಂತ್ಯ, ಸಬ್ಬಸಿಗೆ, ಪುದೀನ, ಬದುವಿನಲ್ಲಿ ಕರಿಬೇವು. ಕೊತ್ತಂಬರಿ ಬಿತ್ತಿದ ಮೇಲೆ ಕೀಳೋಕೆ ನಮ್ಮಲ್ಲಿ 40 ದಿನ ಹಿಡಿಯುತ್ತೆ. ಮೂರು ದಿನಕ್ಕೊಂದು ಮಡಿ ಬಿತ್ತುತ್ತೇವೆ. 14 ಮಡಿ ಬೆಳೆಯಲ್ಲಿ, ಎರಡು ಮೂರು ಮಡಿ ಉಳುಮೆ ಗೊಬ್ಬರದಲ್ಲಿ. ಹೀಗಿದ್ದರೆ ದಿನವೂ ಏನಾದರೂ ಕೀಳಲು ಸಿಗುತ್ತದೆ. ಮನೆಯವರು ಇಬ್ಬರು, ಆಳು ಇಬ್ಬರು. ಮಧ್ಯಾಹ್ನ ಮೂರರಿಂದ ಕೀಳೋದು, ಸಂಜೆ ಕಟ್ಟು ಕಟ್ಟೋದು, ರಾತ್ರಿ ಒಂದೂವರೆಗೆ ಟೆಂಪೋ.

ಮಾರ್ಕೆಟ್ ಕೊಡುವುದು, ಕೀಳುವುದು

ಟೆಂಪೋ ಹೋಗುವುದು ಕೃಷ್ಣರಾಜೇಂದ್ರ ಮಾರುಕಟ್ಟೆಗೆ. ಕಾಗದದಲ್ಲಿ ಮಾತ್ರ ಆ ಹೆಸರು. ನಮ್ಮ ಬಾಯಲ್ಲಿ ಸಿಟಿ ಮಾರ್ಕೆಟ್. ಹಿಂದೆ ಅಲ್ಲಿ ಸಿದ್ದಿಕಟ್ಟೆ ಎಂಬ ಕೆರೆ ಇತ್ತಂತೆ. 1928ರಿಂದ ಮಾರುಕಟ್ಟೆ. ಒಂದು ಕಡೆ ಕಲಾಸಿಪಾಳ್ಯ, ಒಂದು ಕಡೆ ಚಾಮರಾಜಪೇಟೆ, ಹಿಂದೆ ಚಿಕ್ಕಪೇಟೆ. ರಾತ್ರಿ ಎರಡೂವರೆ ಮೂರಕ್ಕೆ ನಮ್ಮ ಸೊಪ್ಪು ಇಳಿಯುತ್ತದೆ. ಹೂವಿನವರ ಗದ್ದಲ, ಹಮಾಲರ "ಸೈಡು, ಸೈಡು" ಕೂಗು, ಕಾಲಡಿಯಲ್ಲಿ ಕೆಸರು. ಬಸವನಗುಡಿ, ಮಲ್ಲೇಶ್ವರದ ಚಿಲ್ಲರೆ ವ್ಯಾಪಾರಿಗಳು, ತಳ್ಳುಗಾಡಿಯವರು ಬೆಳಕು ಹರಿಯುವ ಮೊದಲೇ ಬಂದು ಕೊಳ್ಳುತ್ತಾರೆ. ಏಳು ಗಂಟೆಗೆ ಉಳಿದ ಸೊಪ್ಪಿಗೆ ಮೂರು ಗಂಟೆಯ ಬೆಲೆ ಇರುವುದಿಲ್ಲ.

ಮಂಡಿಯವರನ್ನು ಬೈಯುವುದು ನಮ್ಮಲ್ಲಿ ಒಂದು ಅಭ್ಯಾಸ. ನಾನೂ ಬೈದಿದ್ದೇನೆ. ನಾನು ಹಾಕುವ ಮಂಡಿಯಲ್ಲಿ ನೂರಕ್ಕೆ ಹತ್ತು ಕಮಿಷನ್ ಹಿಡಿಯುತ್ತಾರೆ, ಹಮಾಲಿ ಬೇರೆ. ದರ ಬಿದ್ದ ದಿನ ಟೆಂಪೋ ಬಾಡಿಗೆಯೂ ಹುಟ್ಟುವುದಿಲ್ಲ. ಆದರೆ ಬೈಯುವ ಮುಂಚೆ ಮಂಡಿ ಏನು ಕೊಡುತ್ತದೆ ಎಂದೂ ನೋಡಬೇಕಲ್ಲ? 160 ಕಿಲೋ ಒಯ್ದರೂ ಇಳಿಸಿಕೊಳ್ಳುತ್ತಾರೆ, 35 ಕಿಲೋ ಒಯ್ದರೂ ಇಳಿಸಿಕೊಳ್ಳುತ್ತಾರೆ. "ನಿನ್ನೆ ಯಾಕೆ ಬರಲಿಲ್ಲ" ಅಂತ ಕೇಳುವುದಿಲ್ಲ. ಬೇರು, ಮಣ್ಣು, ಎರಡು ಹಳದಿ ಎಲೆ ಇದ್ದರೂ ವಾಪಸ್ ಕಳಿಸುವುದಿಲ್ಲ; ಬೆಲೆ ಕಡಿಮೆ ಮಾಡುತ್ತಾರೆ ಅಷ್ಟೆ. ಬೆಳಗ್ಗೆ ಆರಕ್ಕೆ ಕೈಗೆ ನಗದು. ದುಡ್ಡಿಗಾಗಿ ಎರಡನೇ ಸಲ ಆ ಮೆಟ್ಟಿಲು ಹತ್ತಿದ ನೆನಪಿಲ್ಲ.

ಈ ನಾಲ್ಕು ಸೌಲಭ್ಯಗಳ ಬೆಲೆಯೇ ಕಮಿಷನ್ ಎಂದುಕೊಂಡರೆ ಲೆಕ್ಕ ಸರಿಯಾಗುತ್ತದೆ. ದೊಡ್ಡ ಖರೀದಿದಾರನ ಹತ್ತಿರ ಹೋದಾಗ ಈ ನಾಲ್ಕನ್ನೂ ನಾವೇ ಹೊರಬೇಕು.

ಪುಸ್ತಕದಲ್ಲಿ ಕಂಡದ್ದು

2022ರ ಯುಗಾದಿಯಿಂದ 2023ರ ಯುಗಾದಿವರೆಗೆ ನಾನು ದಿನವೂ ಬರೆದಿಟ್ಟೆ. ಎಷ್ಟು ಕಿಲೋ ಹೋಯ್ತು, ಎಷ್ಟು ದುಡ್ಡು ಬಂತು, ಎಷ್ಟು ಖರ್ಚು. ಮಗಳ ಹಳೆ ನೋಟ್ ಬುಕ್ಕು, ಮೂರೇ ಕಲಂ. ಕೊತ್ತಂಬರಿಯ ಲೆಕ್ಕ ಮಾತ್ರ ಹೇಳುತ್ತೇನೆ.

ದಿನದ ಸರಾಸರಿ 90 ಕಿಲೋ, ಬೇರುಸಹಿತ. ಅತಿ ಹೆಚ್ಚು 160. ಅತಿ ಕಡಿಮೆ ವಾರದಲ್ಲಿ ದಿನಕ್ಕೆ 35. ದರ 4 ರೂಪಾಯಿಗೂ ಇಳಿದಿತ್ತು, 90ಕ್ಕೂ ಏರಿತ್ತು. ವರ್ಷದಲ್ಲಿ ಬಂದ ಒಟ್ಟು ದುಡ್ಡನ್ನು ಒಟ್ಟು ಕಿಲೋದಿಂದ ಭಾಗಿಸಿದರೆ ಕಿಲೋಗೆ 24 ರೂ.

ಹತ್ತು ಕಿಲೋ ಲೆಕ್ಕ ಇಟ್ಟುಕೊಳ್ಳಿ. 240 ರೂ. ಬಂತು. ಕಮಿಷನ್ 24, ಬಾಡಿಗೆ ಮತ್ತು ಹಮಾಲಿ 25. ಮನೆಗೆ ಬಂದದ್ದು 191.

2023ರ ಜೂನ್‌ನಲ್ಲಿ ನಮ್ಮ ಅತಿಥಿ ಬಂದ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳ ಕ್ಯಾಂಟೀನಿಗೆ ಅಡುಗೆ ಮಾಡಿ ಹಾಕುವವರ ಖರೀದಿ ವಿಭಾಗದ ಹುಡುಗ. ದಿನಕ್ಕೆ 40 ಕಿಲೋ ಕೊತ್ತಂಬರಿ ಬೇಕು, ಭಾನುವಾರ ಬಿಟ್ಟು. ಬೇರು ಕತ್ತರಿಸಿ, ತೊಳೆದು, ನೀರು ಸೋಸಿ, ಕ್ರೇಟಿನಲ್ಲಿ ಕೊಡಬೇಕು. ವರ್ಷವಿಡೀ ಕಿಲೋಗೆ 45 ರೂ.

24 ಎಲ್ಲಿ, 45 ಎಲ್ಲಿ! ಊರಲ್ಲಿ ಕೇಳಿದವರೆಲ್ಲ "ಕಣ್ಮುಚ್ಕೊಂಡು ಒಪ್ಕೊ" ಅಂದರು.

ಮೊದಲು ತಕ್ಕಡಿ ಹಿಡಿದೆ. 10 ಕಿಲೋ ಸೊಪ್ಪಿನ ಬೇರು ಕತ್ತರಿಸಿ, ಹಳದಿ ಎಲೆ ತೆಗೆದು, ತೊಳೆದು ಸೋಸಿ ತೂಗಿದರೆ ಉಳಿದದ್ದು ಏಳೂವರೆ ಕಿಲೋ. ಅಂದರೆ 337 ರೂಪಾಯಿ ಚಿಲ್ಲರೆ. ಕತ್ತರಿಸಿ ತೊಳೆಯುವ ಕೂಲಿ ಕಿಲೋಗೆ 5 ರೂ.ನಂತೆ 37. ಸಾಗಾಟ ಕಡಿಮೆ, ಟಿವಿಎಸ್ ಗಾಡಿಯಲ್ಲೇ ಒಯ್ಯಬಹುದು, 15 ಹಿಡಿಯಿರಿ. ಗೇಟಿನಲ್ಲಿ ವಾಪಸ್ ಬರುವುದು ನೂರಕ್ಕೆ ಎಂಟು ಅಂತ ಅಲ್ಲಿಗೆ ಕೊಡುತ್ತಿದ್ದ ಇನ್ನೊಬ್ಬರು ಹೇಳಿದರು, ಅದು 27. ಉಳಿಯುವುದು 258. ಮಂಡಿಯ 191ರ ಎದುರು 67 ರೂ. ಹೆಚ್ಚು.

ಕ್ಯಾಂಟೀನಿನ 40 ಕಿಲೋಗೆ ನಾನು ದಿನಕ್ಕೆ 53 ಕಿಲೋ ಕೀಳಬೇಕು. ತಿಂಗಳಿಗೆ 26 ದಿನ. ಒಟ್ಟು ಸುಮಾರು 9,300 ರೂ. ಹೆಚ್ಚುವರಿ ಲಾಭ. ಎರಡು ಪಟ್ಟು ಅಂತ ಕಂಡದ್ದು ತಕ್ಕಡಿಗೆ ಹಾಕಿದ ಮೇಲೆ ಇಷ್ಟಕ್ಕೆ ಬಂತು. ಆದರೂ ಒಳ್ಳೆಯದೇ. ಬೇಡ ಅನ್ನುವಂಥದ್ದಲ್ಲ.

ಬಾಕಿಯ ದಿನಗಳು

ಕಾಗದದ ಎರಡನೇ ಪುಟದಲ್ಲಿ "ಪಾವತಿ 45 ದಿನ" ಎಂದಿತ್ತು. ಇದನ್ನು ನಾವು ಹೇಗೆ ಓದುತ್ತೇವೆ? ಇವತ್ತು ಕೊಟ್ಟದ್ದಕ್ಕೆ ಇನ್ನು ಒಂದೂವರೆ ತಿಂಗಳಿಗೆ ದುಡ್ಡು ಅಂತ. ಅವರು ಓದುವುದು ಬೇರೆ ಥರ. ತಿಂಗಳ ಕೊನೆಗೆ ಬಿಲ್ ಆಗುತ್ತದೆ. ಬಿಲ್ ಆದ ದಿನದಿಂದ 45 ಎಣಿಸುತ್ತಾರೆ. ಒಂದನೇ ತಾರೀಕು ಕೊಟ್ಟ ಸೊಪ್ಪಿನ ದುಡ್ಡು ಕೈಗೆ ಬರುವುದು ಎರಡೂವರೆ ತಿಂಗಳಿಗೆ.

ದಿನಕ್ಕೆ 1,800 ರೂ. ಮಾಲು, ತಿಂಗಳಿಗೆ 46,800. ಮೊದಲ ಪಾವತಿ ಕೈ ಸೇರುವ ಹೊತ್ತಿಗೆ ನನ್ನ 1,17,000 ರೂ. ಅವರ ಹತ್ತಿರ ಇರುತ್ತದೆ. ಮೊದಲ ಪಾವತಿ ಬಂದ ಮೇಲೂ ಈ ಬಾಕಿ ಕರಗುವುದಿಲ್ಲ. ಹಳೆಯದು ಬರುತ್ತ ಹೊಸದು ಸೇರುತ್ತ, ವ್ಯವಹಾರ ಇರುವಷ್ಟು ದಿನವೂ ಲಕ್ಷದ ಆಸುಪಾಸಿನ ದುಡ್ಡು ಅಲ್ಲೇ ನಿಂತಿರುತ್ತದೆ.

ಆಳಿಗೆ ಶನಿವಾರ ಕೂಲಿ ಕೊಡಬೇಕು. ಬೀಜದಂಗಡಿಯವನು ಎರಡೂವರೆ ತಿಂಗಳು ಕಾಯುತ್ತಾನಾ? ಕೈಸಾಲ ಮಾಡಿದರೆ ನಮ್ಮಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. 1,17,000ಕ್ಕೆ 2,340. ಹೆಚ್ಚುವರಿ ಲಾಭದ ಕಾಲುಭಾಗ ಅಲ್ಲೇ ಹೋಯಿತು.

"ರೀ, ನಮ್ ದುಡ್ಡಲ್ಲಿ ಅವ್ರು ಕ್ಯಾಂಟೀನ್ ನಡೆಸ್ತಾರೆ ಅಂದಂಗಾಯ್ತು" ಅಂದಳು ನಮ್ಮನೆಯವಳು. ಲೆಕ್ಕ ಪೂರ್ತಿ ಕೇಳದೆ ಅವಳು ಹೇಳಿದ ಮಾತು ಅದು.

ಬಾಕಿಯ ಭಯ ಬರೀ ಬಡ್ಡಿಯದಲ್ಲ. ನಮ್ಮ ಪಕ್ಕದೂರಿನ ಒಬ್ಬರು 2018ರಲ್ಲಿ ಇನ್ನೊಂದು ಕ್ಯಾಂಟೀನ್ ಗುತ್ತಿಗೆದಾರರಿಗೆ ಬೀನ್ಸು, ಮೂಲಂಗಿ ಕೊಡುತ್ತಿದ್ದರು. ಒಳ್ಳೆ ಜನ, ಕೊಳ್ಳುವವರೂ ಒಳ್ಳೆಯವರೇ. ಒಂದು ದಿನ ಆ ಗುತ್ತಿಗೆದಾರರಿಗೇ ಕಾರ್ಖಾನೆಯ ಗುತ್ತಿಗೆ ತಪ್ಪಿತು. 62,000 ರೂ. ಬಾಕಿ. ಐದು ಸಾವಿರ, ಮೂರು ಸಾವಿರ ಅಂತ ಹದಿನಾಲ್ಕು ತಿಂಗಳು ಅಲೆದು 44,000 ಬಂತು. ಉಳಿದದ್ದು ಬರಲಿಲ್ಲ. ಆ ವರ್ಷ ಅವರು ಮಗನನ್ನು ಕಾಲೇಜಿಗೆ ಸೇರಿಸಬೇಕಿತ್ತು. ಕೈಲಿದ್ದ ಜೋಡಿ ಎತ್ತು ಮಾರಿದರು. ಅವರ ಹತ್ತಿರ ಪುರಾವೆ ಅಂತ ಇದ್ದದ್ದು ಗೇಟಿನ ವಾಚ್‌ಮನ್ ಬರೆದುಕೊಟ್ಟ ಚೀಟಿಗಳು, ಅರ್ಧಕ್ಕೆ ಸಹಿಯೇ ಇಲ್ಲ. ಈಗ ಅವರು ಎಲ್ಲರಿಗೂ ಹೇಳುವುದು ಇದನ್ನೇ: "ಎರಡು ಪ್ರತಿ ಚಲನ್ ಮಾಡ್ರಪ್ಪಾ, ತೂಕ ಬರೆದು ಸಹಿ ಹಾಕ್ಸಿ, ಒಂದು ನಿಮ್ ಹತ್ರ ಇಟ್ಕೊಳ್ಳಿ."

ಕಡಿಮೆ ವಾರವೇ ಅಳತೆ

ಇಷ್ಟಾದರೂ ಒಪ್ಪಬಹುದಿತ್ತು. ಸ್ವಲ್ಪ ಉಳಿತಾಯ ಇತ್ತು, ಬಾಕಿ ತಡೆದುಕೊಳ್ಳಬಹುದು ಎನಿಸಿತು. ನನ್ನನ್ನು ನಿಲ್ಲಿಸಿದ್ದು ಪುಸ್ತಕದ ಅಕ್ಟೋಬರ್ ಪುಟ.

2022ರ ಮಳೆ ಈ ಭಾಗದ ಯಾರಿಗೂ ಮರೆಯುವಂಥದ್ದಲ್ಲ. ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಮೈಸೂರು ಹೆದ್ದಾರಿಯೇ ನೀರಲ್ಲಿ ಮುಳುಗಿತು. ಸೆಪ್ಟೆಂಬರ್ ಮೊದಲಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದವು. ನಮ್ಮಲ್ಲಿ ನಿಂತ ಕೊತ್ತಂಬರಿ ಕೊಳೆಯಿತು. ಅದು ಕಣ್ಣಿಗೆ ಕಾಣುವ ನಷ್ಟ. ಅದೇ ಹೊತ್ತಿಗೆ ಬಿತ್ತಿದ್ದ ಬೀಜ ಹುಟ್ಟಲಿಲ್ಲ. ಈ ಹೊಡೆತ ಗೊತ್ತಾಗುವುದು ಐದಾರು ವಾರ ಕಳೆದ ಮೇಲೆ. ಹಾಗಾಗಿ ನಮ್ಮ ಅತಿ ಕಡಿಮೆ ವಾರ ಮಳೆಯ ವಾರ ಅಲ್ಲ, ಅಕ್ಟೋಬರ್‌ನ ಬಿಸಿಲಿನ ವಾರ. ದಿನಕ್ಕೆ 35 ಕಿಲೋ. ಮೂರು ವಾರ 53 ಕಿಲೋ ಮುಟ್ಟಲೇ ಇಲ್ಲ.

ಕ್ಯಾಂಟೀನಿನ ಕಾಗದದಲ್ಲಿ ಒಂದು ಸಾಲಿತ್ತು: ಕೊಡಲಾಗದ ದಿನ ಅವರು ಹೊರಗಡೆ ಕೊಂಡು, ಹೆಚ್ಚಿಗೆ ಆದದ್ದನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಹೊರಗಡೆ ಅಂದರೆ ಎಲ್ಲಿ? ಮತ್ತೆ ಸಿಟಿ ಮಾರ್ಕೆಟ್ಟೇ. ನನ್ನಲ್ಲಿ ಸೊಪ್ಪು ಇಲ್ಲದ ವಾರ ಊರಿಗೆಲ್ಲ ಸೊಪ್ಪು ಇರುವುದಿಲ್ಲ. ಆ ವಾರ ದರ 90.

ಕೊರತೆ ದಿನಕ್ಕೆ 18 ಕಿಲೋ. ನಾನೇ ಮಾರ್ಕೆಟ್ಟಿನಲ್ಲಿ ಕೊಂಡರೆ 1,620 ರೂ. ಬೇರು ಕತ್ತರಿಸಿ ಕ್ಯಾಂಟೀನಿಗೆ ಕೊಟ್ಟರೆ ಸಿಗುವುದು 607. ದಿನಕ್ಕೆ ಸಾವಿರ ರೂಪಾಯಿ ಕೈಯಿಂದ. ಮೂರು ವಾರಕ್ಕೆ 18 ದಿನ, 18,000 ರೂ. ಎರಡು ತಿಂಗಳ ಹೆಚ್ಚುವರಿ ಲಾಭ ಮೂರೇ ವಾರದಲ್ಲಿ ನೀರು.

ಇನ್ನೊಂದು ನಷ್ಟ ಪುಸ್ತಕದಲ್ಲಿ ಬರೆಯುವುದೇ ಇಲ್ಲ. ನನ್ನದೇ 35 ಕಿಲೋ ಆ ವಾರ ಮಂಡಿಗೆ ಹೋಗಿದ್ದರೆ ದಿನಕ್ಕೆ 3,000 ದಾಟುತ್ತಿತ್ತು. ನಿಜಕ್ಕೂ ಹೋಯಿತು, ಬಂತು. ಮೇಲಿನ 24 ರೂ. ಸರಾಸರಿ ಇದೆಯಲ್ಲ, ಅದು ಆ ದರ ಏರಿದ ಕೆಲವೇ ವಾರಗಳಿಂದ ಆದದ್ದು. ಆ ವಾರಗಳನ್ನು 45ಕ್ಕೆ ಒಪ್ಪಂದ ಮಾಡಿ ಕೊಟ್ಟುಬಿಟ್ಟರೆ, 4 ರೂಪಾಯಿಯ ದಿನಗಳನ್ನು ತುಂಬಿಕೊಳ್ಳಲು ಮಂಡಿಯಲ್ಲಿ ಏನೂ ಉಳಿಯುವುದಿಲ್ಲ.

ಕಾನೂನಿನ ಮಾತೂ ಒಂದಿದೆ. ತಾಜಾ ಸೊಪ್ಪು ತರಕಾರಿಗೆ ಜಿಎಸ್‌ಟಿ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ಕೃಷಿಕ ತನ್ನ ಮಟ್ಟದಲ್ಲಿ ಬೆಳೆದ ಬೆಳೆಗೆ ಅನ್ವಯಿಸುವುದಿಲ್ಲ. ಆದರೆ ಮಾರ್ಕೆಟ್ಟಿನಲ್ಲಿ ಕೊಂಡು ಕ್ಯಾಂಟೀನಿಗೆ ಕೊಡಲು ಶುರು ಮಾಡಿದರೆ ನಾವು ಬೆಳೆಗಾರರಲ್ಲ, ವ್ಯಾಪಾರಿಗಳು. ಕೊರತೆ ತುಂಬಿಸಲು ಹೋಗಿ ಕಸುಬೇ ಬದಲಾಗುತ್ತದೆ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹುಡುಗನಿಗೆ ಹೇಳಿದೆ, "ನಲವತ್ತು ಆಗಲ್ಲ. ಇಪ್ಪತ್ತೈದು ಕಿಲೋ ಕೊಡ್ತೀನಿ. ಅದನ್ನ ಯಾವ ಮಳೆ ಬಂದ್ರೂ ತಪ್ಪಿಸಲ್ಲ." ನನ್ನ ಕಡಿಮೆ ವಾರದ 35 ಕಿಲೋದಿಂದ ಬೇರು ತೆಗೆದರೆ ಸಿಗುವುದು 26. ಅದಕ್ಕೇ 25.

"ಇಲ್ಲ ಯಜಮಾನ್ರೇ, ಒಂದೇ ಕೈಯಿಂದ ನಲವತ್ತು ಬೇಕು. ಇಬ್ಬಿಬ್ರನ್ನ ಇಟ್ಕೊಂಡ್ರೆ ನಮ್ಗೆ ಎರಡು ಬಿಲ್ಲು, ಎರಡು ತಲೆನೋವು" ಅಂದ. ಕಾಫಿ ಕುಡಿದು ಹೋದ. ಅವನ ಮಾತಲ್ಲೂ ತಪ್ಪಿಲ್ಲ.

ನಾಲ್ಕು ಮನೆ ಸೇರಿದರೆ?

ಆಮೇಲೆ ನಾವು ನಾಲ್ಕು ಮನೆಯವರು ಕೂತು ಮಾತಾಡಿದೆವು. ಎಲ್ಲರದ್ದೂ ಸೇರಿಸಿ ಕೊಟ್ಟರೆ 40 ಏನು, 100 ಕಿಲೋ ಕೊಡಬಹುದಲ್ಲ? ಹೇಳಲು ಚೆನ್ನ. ನಾಲ್ವರಲ್ಲಿ ಪುಸ್ತಕ ಇಟ್ಟವನು ನಾನೊಬ್ಬನೇ, ಆದರೆ ಮಂಡಿಯ ಪಟ್ಟಿಗಳನ್ನು ಎಲ್ಲರೂ ಗೂಟಕ್ಕೆ ಸಿಗಿಸಿಟ್ಟಿದ್ದರು. ತೆಗೆದು ನೋಡಿದೆವು. ನಾಲ್ವರ ಕಡಿಮೆ ವಾರವೂ ಒಂದೇ! ಯಾಕಾಗಬಾರದು? ಒಂದೇ ಮಳೆ, ಒಂದೇ ಮಣ್ಣು, ಒಂದೇ ಬೀಜದಂಗಡಿ. ನಾಲ್ಕು ಮನೆ ಸೇರಿದರೆ ಮಾಲು ಹೆಚ್ಚುತ್ತದೆ, ಭದ್ರತೆ ಅಷ್ಟಾಗಿ ಹೆಚ್ಚುವುದಿಲ್ಲ. ಭದ್ರತೆ ಬೇಕಾದರೆ ಜೊತೆಗಾರ ದೂರದವನಾಗಬೇಕು. ನಮ್ಮ ಭಾವಮೈದ ಮಾಲೂರಿನ ಹತ್ತಿರ ಸೊಪ್ಪು ಬೆಳೆಯುತ್ತಾನೆ. ಆ ಅಕ್ಟೋಬರ್‌ನಲ್ಲಿ ಅವನ ಕೊತ್ತಂಬರಿ ನಮ್ಮಷ್ಟು ಹಾಳಾಗಿರಲಿಲ್ಲ.

ಇಲ್ಲಿ ಹಾಪ್‌ಕಾಮ್ಸ್ ಕತೆ ನೆನಪಾಗುತ್ತದೆ. 1959ರ ಸೆಪ್ಟೆಂಬರ್‌ನಲ್ಲಿ ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು ಮುಂದೆ ನಿಂತು ಕಟ್ಟಿಸಿದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಒಂದೇ ಬೆಳೆ, ಹತ್ತಿರದ ಊರುಗಳು. ಬರೀ ದ್ರಾಕ್ಷಿ ಹಿಡಿದು ಆಸ್ಪತ್ರೆಯ ಅಡುಗೆಮನೆಗೆ ಹೋಗಲಾದೀತೇ? ಮುಂದೆ ಹಣ್ಣು ತರಕಾರಿ ಬೆಳೆಗಾರರೂ ಸೇರಿದರು, ಬೇರೆ ಜಿಲ್ಲೆಗಳೂ ಸೇರಿದವು, ಹೆಸರೂ ಬದಲಾಯಿತು. ಲಾಲ್‌ಬಾಗಿನಿಂದ ನಡೆಯುವ ಆ ಸಂಸ್ಥೆ ಬೀದಿ ಬದಿಯ ಮಳಿಗೆಗಳಲ್ಲಿ ಮಾರುವುದಲ್ಲದೆ ಆಸ್ಪತ್ರೆ, ಹಾಸ್ಟೆಲ್, ಕಾರ್ಖಾನೆಗಳಿಗೂ ಸಗಟಾಗಿ ಒದಗಿಸುತ್ತ ಬಂದಿದೆ. ಹಲವು ಬೆಳೆ, ಹಲವು ಊರು, ಜೊತೆಗೆ ಬಾಕಿ ತಡೆದುಕೊಳ್ಳುವ ಸಂಘದ ಬಂಡವಾಳ. ದೊಡ್ಡ ಗಿರಾಕಿಗೆ ಬೇಕಾದದ್ದು ಇವು ಮೂರು. ಒಂಟಿ ಕೃಷಿಕನ ಹತ್ತಿರ ಸಾಮಾನ್ಯವಾಗಿ ಮೂರೂ ಇರುವುದಿಲ್ಲ. 2002ರ ತಿದ್ದುಪಡಿಯ ನಂತರ ಕೃಷಿಕರೇ ಉತ್ಪಾದಕ ಕಂಪೆನಿ ಮಾಡಿಕೊಳ್ಳಲು ಕಾನೂನಿದೆ. ಅದನ್ನು ಮಾಡುವವರೂ ಒಂದೇ ಹೋಬಳಿಯ ಒಂದೇ ಬೆಳೆಗೆ ಅಂಟಿಕೊಂಡರೆ ನಮ್ಮ ನಾಲ್ಕು ಮನೆಯ ಕತೆಯೇ.

ಒಪ್ಪಂದದ ಬೇಸಾಯ ಎಂದರೆ ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ. 1990ರ ದಶಕದ ಆರಂಭದಿಂದ ಕರ್ನಾಟಕದ ಸಾವಿರಾರು ಸಣ್ಣ ಹಿಡುವಳಿದಾರರು ರಫ್ತಿನ ಮಿಡಿಸೌತೆಯನ್ನು ಒಪ್ಪಂದದ ಮೇಲೆಯೇ ಬೆಳೆದಿದ್ದಾರೆ. ಬೀಜ, ಗೊಬ್ಬರ ಕಂಪೆನಿಯದು. ಕಾಯಿ ಸಣ್ಣದಿದ್ದಷ್ಟೂ ಬೆಲೆ ಹೆಚ್ಚು. ಅಲ್ಲಿ ಒಂದು ವ್ಯತ್ಯಾಸ ಗಮನಿಸಿ. ಗದ್ದೆಯಲ್ಲಿ ಬಂದಷ್ಟು ಕಾಯಿಯನ್ನು ಕಂಪೆನಿ ಒಯ್ಯುತ್ತದೆ. ದಿನಕ್ಕೆ ಇಷ್ಟೇ ಕಿಲೋ ಕೊಡು, ಇಲ್ಲವಾದರೆ ದಂಡ ಎಂಬುದಲ್ಲ. ಬೆಳೆ ಕಡಿಮೆಯಾದ ನಷ್ಟ ಹೊರುವವರು ಯಾರು ಎಂಬುದನ್ನು ಕಾಗದದಲ್ಲಿ ಮೊದಲು ಹುಡುಕಬೇಕು. ದರ ಆಮೇಲೆ.

ನಡುವಿನ ಮೆಟ್ಟಿಲು

ಕ್ಯಾಂಟೀನು ಕೈಬಿಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. ಮಂಡಿಯ ಪಕ್ಕದಲ್ಲೇ, ಚಾಮರಾಜಪೇಟೆಯಲ್ಲಿ ಒಂದು ಮೆಸ್ಸು. ಟೆಂಪೋ ಊರಿಗೆ ಮರಳುವ ದಾರಿಯಲ್ಲಿ, ಬಸವನಗುಡಿಯಲ್ಲಿ ಎರಡು ಸಣ್ಣ ಹೋಟೆಲು. ಇವರು ದಿನವೂ ಸಿಟಿ ಮಾರ್ಕೆಟ್ಟಿಗೇ ಆಳು ಕಳಿಸಿ ಸೊಪ್ಪು ತರಿಸುತ್ತಿದ್ದವರು. ನಾನು ಮಂಡಿಯಲ್ಲಿ ಇಳಿಸಿದ ಮೇಲೆ ಬೆಳಗ್ಗೆ ಐದಕ್ಕೆ ಅವರ ಹಿಂಬಾಗಿಲಿಗೆ ಕ್ರೇಟ್ ಇಡುತ್ತೇನೆ. ಮೂವರಿಗೂ ಸೇರಿ 19 ಕಿಲೋ ಕೊತ್ತಂಬರಿ, ಜೊತೆಗೆ ಪುದೀನ, ಕರಿಬೇವು.

ಶುರುವಿನಲ್ಲಿ ನಾನು ಬರೀ ಕೊತ್ತಂಬರಿ ಕೊಡುತ್ತೇನೆ ಎಂದಿದ್ದೆ. ಹೋಟೆಲಿನ ಭಟ್ಟರು, "ಅದೊಂದನ್ನ ತಗೊಂಡು ನಾನೇನ್ ಮಾಡ್ಲಿ ಮಾರಾಯ್ರೆ? ಕರಿಬೇವಿಗೆ ಮತ್ತೆ ಹುಡುಗನ್ನ ಮಾರ್ಕೆಟ್ಟಿಗೆ ಕಳಿಸೋದಾದ್ರೆ ಅವ್ನು ಕೊತ್ತಂಬರಿನೂ ತರ್ತಾನೆ" ಅಂದರು. ಬದುವಿನ ಕರಿಬೇವಿಗೆ ಅಂದಿನಿಂದ ಬೆಲೆ ಬಂತು. ಇಷ್ಟು ವರ್ಷ ಅದು ಮನೆ ಸಾರಿಗೆ, ನೆಂಟರಿಗೆ.

ಪಾವತಿ ಸೋಮವಾರಕ್ಕೆ ಸೋಮವಾರ. ಒಂದು ವಾರ ಕೊಡದಿದ್ದರೆ ಎರಡನೇ ಸೋಮವಾರದ ಕ್ರೇಟ್ ಇಳಿಸುವುದಿಲ್ಲ ಎಂದು ಮೊದಲೇ ಮಾತು. ಒಮ್ಮೆ ಹಾಗೆ ಮಾಡಬೇಕಾಗಿಯೂ ಬಂತು. ಮರುದಿನ ದುಡ್ಡು ಸಿಕ್ಕಿತು. ಮುಳುಗಿದರೂ ಒಂದು ವಾರದ ದುಡ್ಡು ಮುಳುಗೀತು, ಎರಡೂವರೆ ತಿಂಗಳದ್ದಲ್ಲ.

ದರಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇವೆ. ಹಾಪ್‌ಕಾಮ್ಸ್ ದಿನವೂ ದರಪಟ್ಟಿ ಹೊರಡಿಸುತ್ತದೆ. ಅದು ನನ್ನ ಕೈಯಲ್ಲೂ ಇಲ್ಲ, ಭಟ್ಟರ ಕೈಯಲ್ಲೂ ಇಲ್ಲ. ಆ ಪಟ್ಟಿಯ ದರಕ್ಕೆ ಹೊಂದಿಸಿ ವಾರಕ್ಕೊಮ್ಮೆ ನಮ್ಮ ದರ ನಿಗದಿ. ಆದರೆ 30 ರೂ.ಗಿಂತ ಕೆಳಗಿಳಿಯುವಂತಿಲ್ಲ, 65ಕ್ಕಿಂತ ಮೇಲೇರುವಂತಿಲ್ಲ. ದರ ಬಿದ್ದಾಗ ನಾನು ಉಳಿಯುತ್ತೇನೆ, ಏರಿದಾಗ ಅವರು ಉಳಿಯುತ್ತಾರೆ. ಜಗಳ ಇಲ್ಲ ಎಂದಲ್ಲ, ಕಡಿಮೆ.

ಈ ಸಣ್ಣ ವ್ಯವಹಾರದಲ್ಲೇ ದೊಡ್ಡದಕ್ಕೆ ಬೇಕಾದ ಕೆಲಸಗಳನ್ನೆಲ್ಲ ಕಲಿತೆವು. ತೊಳೆಯಲು ಸಿಮೆಂಟಿನ ತೊಟ್ಟಿ, ಸೋಸಲು ಬಿದಿರ ತಟ್ಟಿ. ನೀರು ಸೋಸದ ಸೊಪ್ಪು ಕ್ರೇಟಿನಲ್ಲಿ ಬಿಸಿಯಾಗಿ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ, ವಾಪಸ್ ಬರುವುದರಲ್ಲಿ ಬಹುಪಾಲು ಇದರಿಂದಲೇ. ರಾತ್ರಿ ಕೀಳುವುದಕ್ಕಿಂತ ಸಂಜೆ ಬಿಸಿಲು ಇಳಿದ ಮೇಲೆ ಕಿತ್ತು ನೆರಳಲ್ಲಿ ಆರಿಸುವುದು ಮೇಲು. ಚಲನ್ ಬರೆಯುವುದು ಈಗ ಮಗಳ ಕೆಲಸ. ಅವಳ ಕೈಬರಹ ಭಟ್ಟರಿಗೂ ಓದಲು ಬರುತ್ತದೆ, ನನ್ನದು ನನಗೇ ಬರುವುದಿಲ್ಲ.

ಮಂಡಿಯನ್ನು ಬಿಟ್ಟಿಲ್ಲ. ಹೋಟೆಲಿಗೆ ಕೊಡುವುದು ನನ್ನ ಸರಾಸರಿ ಮಾಲಿನ ಕಾಲುಭಾಗದಷ್ಟು. ಉಳಿದದ್ದು ಇವತ್ತಿಗೂ ಸಿಟಿ ಮಾರ್ಕೆಟ್ಟಿಗೇ. ಹೋಟೆಲಿನ ಸುದ್ದಿ ಮಂಡಿ ಅಣ್ಣನ ಕಿವಿಗೂ ಬಿತ್ತು. "ಏನಪ್ಪ, ದೊಡ್ಡ ಸಾವ್ಕಾರ ಆಗ್ಬಿಟ್ಯಂತೆ?" ಅಂದರು. "ಇಲ್ಲಣ್ಣ, ನಿಮ್ ಮುಂದೆನೇ ಕ್ರೇಟ್ ಇಟ್ಕೊಂಡು ಹೋಗ್ತೀನಲ್ಲ, ಮುಚ್ಚುಮರೆ ಏನಿದೆ" ಅಂದೆ. ಅವರು ನಕ್ಕು, "ಹೋಗ್ಲಿ ಬಿಡು. ಆ ಹೋಟ್ಲು ಬೇಡ ಅಂದ ದಿನ ಇಲ್ಲಿಗೇ ತಾನೆ ಬರೋದು" ಅಂದರು. ಕುಹಕ ಇತ್ತು, ನಿಜವೂ ಇತ್ತು.

2020 ಕಲಿಸಿದ್ದು ಬೇರೆಯೇ. ಕೊರೋನಾದಲ್ಲಿ ಸಿಟಿ ಮಾರ್ಕೆಟ್ ತಿಂಗಳುಗಟ್ಟಲೆ ಬಾಗಿಲು ಹಾಕಿತು. ಆಗ ಹೋಟೆಲ್, ಕ್ಯಾಂಟೀನ್, ಕಲ್ಯಾಣಮಂಟಪ ಎಲ್ಲವೂ ಮುಚ್ಚಿದ್ದವು. ಮಂಡಿಯೂ ಇಲ್ಲ, ದೊಡ್ಡ ಗಿರಾಕಿಯೂ ಇಲ್ಲ. ಆಗ ನಮ್ಮ ಸೊಪ್ಪು ಕೊಂಡದ್ದು ಕನಕಪುರ ರಸ್ತೆಯ ವಸತಿ ಸಮುಚ್ಚಯಗಳ ಗೇಟಿನಲ್ಲಿ ನಿಂತ ಗೃಹಿಣಿಯರು, ಒಂದು ಕಟ್ಟು, ಎರಡು ಕಟ್ಟು ಅಂತ. ಅವರಲ್ಲಿ ಹನ್ನೊಂದು ಮನೆಯವರು ಇಂದಿಗೂ ಶನಿವಾರ ತರಿಸಿಕೊಳ್ಳುತ್ತಾರೆ. ದುಡ್ಡು ಹೆಚ್ಚಲ್ಲ. ಆದರೂ ಆ ಶನಿವಾರದ ಸುತ್ತನ್ನು ನಾವು ನಿಲ್ಲಿಸಿಲ್ಲ.

ಈಗ ಎಲ್ಲಿಗೆ ಬಂದಿದೆ

ಮೊನ್ನೆ ಅದೇ ಹುಡುಗ ಮತ್ತೆ ಬಂದಿದ್ದ. ಈಗ ಅವನಿಗೆ ಬಡ್ತಿ ಆಗಿದೆ, ಗಾಡಿಯೂ ಬದಲಾಗಿದೆ. 40 ಕಿಲೋ ಒಪ್ಪಿಕೊಂಡಿದ್ದ ಇನ್ನೊಬ್ಬ ಬೆಳೆಗಾರರು ಎರಡು ಮಳೆಗಾಲ ಕಂಡು ಕೈಬಿಟ್ಟರಂತೆ. "25 ಆದ್ರೂ ಕೊಡಿ ಯಜಮಾನ್ರೇ, ಉಳಿದದ್ದು ಬೇರೆ ಕಡೆ ನೋಡ್ಕೋತೀವಿ" ಅಂದ.

ನಾನು ಮೂರು ಮಾತು ಬರೆದುಕೊಟ್ಟಿದ್ದೇನೆ. ಬಿಲ್ ಹದಿನೈದು ದಿನಕ್ಕೊಮ್ಮೆ ಆಗಬೇಕು, ಬಿಲ್ ಆಗಿ ಹದಿನೈದು ದಿನದೊಳಗೆ ದುಡ್ಡು ಬ್ಯಾಂಕಿಗೆ ಬರಬೇಕು. ಹೀಗಾದರೆ 25 ಕಿಲೋಗೆ ನನ್ನ ಬಾಕಿ 30,000 ರೂ. ಮೀರುವುದಿಲ್ಲ, ಅಷ್ಟು ತಡೆದುಕೊಳ್ಳಬಲ್ಲೆ. ಕೊರತೆಯ ದಂಡದ ಸಾಲು ತೆಗೆಯಬೇಕು. ಬದಲಿಗೆ ಮೂರು ದಿನ ಮುಂಚೆ ತಿಳಿಸುವ ಹೊಣೆ ನನ್ನದು. ಮಡಿ ನೋಡಿದರೆ ಮೂರು ದಿನದ ಮಾಲು ಗೊತ್ತಾಗುತ್ತದೆ, ಅದು ಕಷ್ಟವಲ್ಲ. ದರಕ್ಕೆ ಹೋಟೆಲಿನವರ ಜೊತೆ ಇರುವ ಕ್ರಮವೇ.

ಮೊದಲನೆಯದಕ್ಕೆ ಅವನ ಮೇಲಿನವರು ತಿಂಗಳ ಬಿಲ್ಲು, 30 ದಿನ ಅಂದಿದ್ದಾರೆ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೂರನೆಯದು ಇನ್ನೂ ಮೇಜಿನ ಮೇಲಿದೆ. ಹೋಟೆಲಿನ 19, ಕ್ಯಾಂಟೀನಿನ 25 ಸೇರಿದರೆ 44 ಆಗುತ್ತದೆ, ಅಂದರೆ ದಿನಕ್ಕೆ 59 ಕಿಲೋ ಕೀಳಬೇಕು. ನನ್ನ ಕಡಿಮೆ ವಾರ 35ರಲ್ಲೇ ನಿಂತಿದ್ದರೆ ಇದು ಸಾಧ್ಯವಿಲ್ಲ. ಈ ವರ್ಷ ಆರು ಮಡಿಗೆ ಏರುಮಡಿ ಮಾಡಿ, ನೀರು ಬಸಿಯಲು ಕಾಲುವೆ ತೋಡಿ, ಮೇಲೆ ಪ್ಲಾಸ್ಟಿಕ್ ಹೊದಿಕೆಯ ಬಿದಿರ ಚಪ್ಪರ ಹಾಕಿದ್ದೇನೆ. ಮಾಲೂರಿನ ಭಾವಮೈದ ಕಡಿಮೆ ಬಿದ್ದ ದಿನ 15 ಕಿಲೋ ಕಳಿಸಲು ಒಪ್ಪಿದ್ದಾನೆ. ಬಿಲ್ಲು ಅವನ ಹೆಸರಲ್ಲೇ ಪ್ರತ್ಯೇಕ ಆಗಬೇಕು ಎಂದು ಕ್ಯಾಂಟೀನಿಗೆ ತಿಳಿಸಿದ್ದೇನೆ. ಚಪ್ಪರದಡಿ ಅಕ್ಟೋಬರ್‌ನಲ್ಲಿ ಎಷ್ಟು ಸಿಗುತ್ತದೆ ಎಂದು ತೂಗಿ ನೋಡಬೇಕು. ಉತ್ತರ ನವೆಂಬರ್‌ನಲ್ಲಿ ಹೇಳುತ್ತೇನೆ ಅಂದಿದ್ದೇನೆ. ಅಲ್ಲಿಯವರೆಗೆ ಕಾಯಲು ಅವನು ಒಪ್ಪಿದ್ದಾನೆ.